ಲೋಕವೆಲ್ಲ ನೋಡಿರುತ್ತೆ ಬಿಡಿ
ನಮ್ಮ ಕಚೇರಿಯ ಕಂಪ್ಯೂಟರುಗಳ ಸುರಕ್ಷತಾಧಿಕಾರಿ ಸಾಹೇಬರು ಮಾರುಕಟ್ಟೆಗೆ ಹೋದರೆ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ನೋಡುವವರು. ಮನೆಗೆ ಬೀಗ ಹಾಕಿ, ಜಗ್ಗಿ, ಬೀದಿಯ ತಿರುವಿನಿಂದ ವಾಪಸ್ಸು ಬಂದು ಮತ್ತೆ ಜಗ್ಗುವವರು. "ಹೆಣ್ಣು ನೋಡೋಕೆ ಬಂದಾಗ ನನ್ನ ಹಲ್ಲೂ ಎಣಿಸಿದ್ರು," ಎಂದು ಅವರ ಹೆಂಡತಿ ನಗುತ್ತಾರೆ. ಇಂಥವರು ಕಚೇರಿಯಲ್ಲಿ ಮಾತ್ರ ಭೋಳೇಶಂಕರರು. ಯಾರೋ ಬರೆದು ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟ ತಂತ್ರಾಂಶವನ್ನೆಲ್ಲ ಕಣ್ಣು ಮುಚ್ಚಿ ಒಳಗೆ ಬಿಟ್ಟುಕೊಳ್ಳುತ್ತಾರೆ. "ಒಳಗೇನಿದೆ ಅಂತ ಒಮ್ಮೆ ನೋಡೋದಲ್ವಾ ಸಾರ್?" ಎಂದರೆ, "ಓಪನ್ ಸೋರ್ಸ್ ಕಣಯ್ಯಾ! ಎಲ್ಲಾ ಬಿಚ್ಚಿಟ್ಟಿದ್ದಾರೆ. ಲೋಕವೆಲ್ಲ ನೋಡಿರುತ್ತೆ, ನಾವ್ಯಾಕೆ ಕಣ್ಣು ನೋಯಿಸ್ಕೋಬೇಕು?" ಎನ್ನುತ್ತಾರೆ. ಲೋಕದಲ್ಲಿ ಉಳಿದವರೂ ಹಾಗೇ ಅಂದುಕೊಂಡಿದ್ದರು. ಕಳೆದ ವಾರ ಅಂಥದೊಂದು ಪುಟ್ಟ ತಂತ್ರಾಂಶದ ತೂತಿನಿಂದ ಕಳ್ಳರು ನುಗ್ಗಿ ನಮ್ಮ ಗ್ರಾಹಕರ ಗುಟ್ಟೆಲ್ಲ ದೋಚಿದರು. ಸಾಹೇಬರು ಕೆಂಡಾಮಂಡಲವಾಗಿ, ಅದನ್ನು ಬರೆದವನ ನಂಬರು ಹುಡುಕಿಸಿ, "ಸಂಜೆಯೊಳಗೆ ಸರಿಮಾಡ್ರೀ!" ಎಂದು ಫೋನಿನಲ್ಲಿ ಗುಡುಗಿದರು. ಫೋನ್ ಎತ್ತಿದವಳು ಅವನ ತಂಗಿ. "ಅಣ್ಣ ಹಾಸಿಗೆ ಹಿಡಿದು ವರ್ಷವಾಯ್ತು. ಇನ್ನು ಇದನ್ನ ಯಾರಾದ್ರೂ ನೋಡ್ಕೊಳ್ಳಿ ಅಂತ ಆಗಲೇ ಅಂತರ್ಜಾಲದಲ್ಲಿ ಬರೆದು ಹಾಕಿದ್ದ. ಅದಾದ್ಮೇಲೆ ಫೋನ್ ಮಾಡಿದವರು ನೀವೇ ಮೊದಲು," ಎಂದಳು. ಸಾಹೇಬರು ಫೋನ್ ಇಟ್ಟು, ಹುದ್ದೆಗೆ ಬಂದ ಮೇಲೆ ಮೊದಲ ಸಲ ಆ ತಂತ್ರಾಂಶದ ಸಾಲುಗಳನ್ನು ತೆರೆದು ಕೂತರು. ಬಹಳ ಹೊತ್ತಾದ ಮೇಲೆ ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು: "ಇದನ್ನ ಎಲ್ಲಿಂದ ಓದೋಕೆ ಶುರು ಮಾಡ್ಬೇಕು? ನನಗೆ ಬರಲ್ಲ ಕಣಯ್ಯಾ."