ಸೀಟಿ ಬಂತೇನವ್ವಾ?

ಅಂಬೇವಾಡಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಮೊನ್ನೆ ಆ ವಾಸನೆ ಮತ್ತೆ ಸಿಕ್ಕಿತು. ಹಳೆಯ ಡಬ್ಬಾ ಟೀವಿ ಬಹಳ ಕಾಲದ ಮೇಲೆ ಬಿಸಿಯಾಗುವಾಗ ಬರುವ ವಾಸನೆ: ಬೆಚ್ಚಗಾದ ಧೂಳು, ಅದರ ಹಿಂದೆ ಒಂಚೂರು ರಾಳ, ಎಲ್ಲೋ ಒಳಗೆ ಜೇಡರ ಬಲೆ ಸುಟ್ಟ ಕಮಟು. ನಾನು ಹೋದದ್ದು ಒಂದು ಕಬ್ಬಿಣದ ಕಪಾಟು ನೋಡಲು. ಅಂಗಡಿಯ ಮೌಲಾಸಾಬರು, ಯಾರೋ ತೂಕಕ್ಕೆ ಹಾಕಿ ಹೋದ ಟೀವಿಯಲ್ಲಿ ಜೀವ ಉಂಟೋ ಇಲ್ಲವೋ ನೋಡೋಣವೆಂದು ಅದರ ವಾಯರನ್ನು ಪ್ಲಗ್ಗಿಗೆ ಸಿಕ್ಕಿಸಿದ್ದರು. ಪರದೆ ಕಪ್ಪಾಗಿಯೇ ಇತ್ತು. ಮೂಲೆಯಲ್ಲಿ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ ಅವರ ಮೊಮ್ಮಗಳು ಮಾತ್ರ ತಟ್ಟನೆ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮುಖ ಕಿವುಚಿದಳು. "ದಾದಾ, ಬಂದ್ ಮಾಡ್ರಿ ಅದನ್ನ, ಸೀಟಿ ಹೊಡ್ಯಾಕತ್ತೈತಿ!" ಮೌಲಾಸಾಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಏನೂ ಕೇಳಿಸಿರಲಿಲ್ಲ. ಆ ಹುಡುಗಿಯ ಎರಡು ಪುಟ್ಟ ಕಿವಿಗಳನ್ನು ಕಂಡು ನನಗೆ ಹುಟ್ಟಿದ ಹೊಟ್ಟೆಕಿಚ್ಚು ಐವತ್ತರ ಹೆಂಗಸಿಗೆ ಒಪ್ಪುವಂಥದ್ದಲ್ಲ. ಏನು ಮಾಡಲಿ, ಅದು ನಮ್ಮ ಮನೆತನದ ಕಿಚ್ಚು. ಅದರ ಮೊದಲ ಕಿಡಿ ಹಾರಿದ್ದು ಹಳಿಯಾಳದ ನಮ್ಮ ಮನೆಯ ಹೊರಗಿನ ಖೋಲಿಯಲ್ಲಿ.

ಆ ಕೋಣೆ ನನ್ನ ಅಪ್ಪನ ತಮ್ಮ ಈರಣ್ಣ ಕಾಕಾನದು. ಕಾಕಾ ಪ್ರಾಯದಲ್ಲಿ ಕೆಲ ಕಾಲ ಕಟ್ಟಿಗೆ ಕೊರೆಯುವ ಮಿಲ್ಲಿನಲ್ಲಿ ದುಡಿದವನು. ಗರಗಸದ ಚೀರಾಟ ಅವನ ಕಿವಿಯ ಮೇಲುಪದರವನ್ನೇ ಕೊರೆದು ಹಾಕಿತ್ತು. ಮಾತು ಕೇಳುತ್ತಿತ್ತು, ಭಜನೆ ಕೇಳುತ್ತಿತ್ತು. ಸೊಳ್ಳೆ, ಜೀರುಂಡೆ, ದೂರದ ಸೈಕಲ್ಲಿನ ಗಂಟೆ, ಇಂಥ ಸಣ್ಣ ಸದ್ದುಗಳು ಅವನ ಪಾಲಿಗೆ ಇರಲಿಲ್ಲ. ಮಿಲ್ಲು ಬಿಟ್ಟು ಟೀವಿ ರಿಪೇರಿ ಕಲಿತ. ಆಗ ಟೀವಿ ಕೆಡುವುದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇದ್ದಿತಲ್ಲವೇ, ಸಂಜೆಯಾದರೆ ದೀಪಗಳೆಲ್ಲ ಮಾವಿನ ಹಣ್ಣಿನ ಬಣ್ಣಕ್ಕಿಳಿದು, ಗಾಳಿ ಎದ್ದಾಗ ಒಮ್ಮೆಗೇ ಕಣ್ಣು ಕುಕ್ಕುವಂತೆ ಉರಿದು ಹೋಗುತ್ತಿದ್ದ ಕರೆಂಟು? ಆ ಹೊಡೆತ ಮೊದಲು ಬೀಳುತ್ತಿದ್ದುದು ಟೀವಿಯ ಹೊಟ್ಟೆಯಲ್ಲಿದ್ದ ಪವರ್ ಸಪ್ಲೈಗೆ. ಕುಂಬಾರವಾಡದಿಂದ ಬಸ್ಸಿನ ಹಿಂದಿನ ಸೀಟಿನಲ್ಲಿ, ಕಂಬಳಿ ಹೊದ್ದು, ಜ್ವರ ಬಂದ ಮಗುವಿನ ಹಾಗೆ ತೊಡೆಯ ಮೇಲೆ ಕೂತು ಬರುತ್ತಿದ್ದವು ಟೀವಿಗಳು. "ಸತ್ತೈತ್ರಿ ಈರಣ್ಣಾ, ಒಂದು ಚುಕ್ಕಿ ಬೆಳಕೂ ಇಲ್ಲ" ಎಂದು ಇಳಿಸಿ ಹೋಗುತ್ತಿದ್ದರು.

ಸತ್ತ ಟೀವಿಗೆ ಕಾಕಾ ಮೊದಲೇ ನೇರವಾಗಿ ಕರೆಂಟು ಕೊಡುತ್ತಿರಲಿಲ್ಲ. ಗೋಡೆಯ ಮೇಲೊಂದು ದೊಡ್ಡ ಬಲ್ಬು ಇತ್ತು. ಕರೆಂಟು ಆ ಬಲ್ಬನ್ನು ದಾಟಿಯೇ ಟೀವಿಗೆ ಹೋಗಬೇಕು. ಬಲ್ಬು ಭರ್ತಿ ಉರಿದರೆ ಒಳಗೆಲ್ಲೋ ಶಾರ್ಟು. ಯಾವುದೋ ಡಯೋಡು ಹೋಗಿದೆ, ಇಲ್ಲವೇ ದೊಡ್ಡ ಕಂಡೆನ್ಸರ್ ತಲೆ ಉಬ್ಬಿಸಿಕೊಂಡು ಕೂತಿದೆ. ಒಮ್ಮೆ ಮಿನುಗಿ ಮಂಕಾದರೆ ಅಷ್ಟರ ಮಟ್ಟಿಗೆ ಕ್ಷೇಮ. ಕಾಕಾ ಸುಟ್ಟದ್ದನ್ನು ಕಿತ್ತು, ಹೊಸದು ಹಾಕಿ, ಬಿರುಕು ಬಿಟ್ಟ ಬೆಸುಗೆಗಳಿಗೆಲ್ಲ ಮತ್ತೊಮ್ಮೆ ಸೀಸ ಮುಟ್ಟಿಸುತ್ತಿದ್ದ. ರಾಳದ ಹೊಗೆ ಏಳುತ್ತಿತ್ತು. ಆಮೇಲೆ ಗುಂಡಿ ಒತ್ತುತ್ತಿದ್ದ. ಪವರ್ ಸಪ್ಲೈ ಎಚ್ಚೆತ್ತರೆ ಟೀವಿಯೊಳಗಿಂದ ಒಂದು ಸೀಟಿ ಬರುತ್ತದೆ, ಸೂಜಿಯ ಮೊನೆಯಷ್ಟು ಸಣ್ಣದು. ಚಿತ್ರ ಬರಲಿ ಬಿಡಲಿ, ಸೀಟಿ ಬಂದರೆ ಟೀವಿಯಲ್ಲಿ ಉಸಿರಿದೆ ಎಂದು ಅರ್ಥ. ಪರದೆಗೆ ಹೋಗುವ ಕೆಂಪು ವಾಯರಿನಲ್ಲಿ ಮನುಷ್ಯನನ್ನು ಎತ್ತಿ ಒಗೆಯುವ ಕರೆಂಟು ತುಂಬಿದೆ ಎಂದೂ ಅರ್ಥ. ಅದೇ ಸದ್ದು ಕಾಕಾನಿಗೆ ಕೇಳುತ್ತಿರಲಿಲ್ಲ. ಟೀವಿಯ ಬೆನ್ನಿಗೆ ಕೂತು ಅವನು ಕೂಗುತ್ತಿದ್ದ: "ಸೀಟಿ ಬಂತೇನವ್ವಾ?"

ಟೀವಿಯ ಮುಂದೆ, ಮಣೆಯ ಮೇಲೆ, ಪರದೆಗೆ ತಾಗಿದಂತೆ ಕೂತಿರುತ್ತಿದ್ದವಳು ಅವನ ಅವ್ವ, ನನ್ನ ಆಯಿ. ಸೆರಗನ್ನು ಹೆಗಲಿಗೆ ಬಿಗಿದು, ಹಚ್ಚೆಯ ಬಳ್ಳಿ ಹಬ್ಬಿದ ಬಲ ಮುಂಗೈಯನ್ನು ಗಾಜಿನ ಅಂಚಿಗೆ ಆನಿಸಿ, ಬಸವಣ್ಣನ ಮುಂದೆ ಕೂತಷ್ಟು ಗಂಭೀರವಾಗಿ. "ಬಂತಪಾ" ಎನ್ನುತ್ತಿದ್ದಳು, ಇಲ್ಲವೇ "ಇನ್ನೂ ಇಲ್ಲ." ಒಮ್ಮೆಯೂ ತಪ್ಪಿರಲಿಲ್ಲ. ಓಣಿಯ ಹೆಂಗಸರು, "ಈ ವಯಸ್ಸಿನ್ಯಾಗ ಅಷ್ಟು ಸಣ್ಣದು ಕೇಳಸ್ತೈತೇನವ್ವಾ ನಿಮಗ?" ಎಂದು ಕೇಳಿದರೆ ಆಯಿ ಗದ್ದ ಎತ್ತಿ, "ಕೇಳಸ್ತೈತಿ, ಯಾಕ ಕೇಳಸಂಗಿಲ್ಲ?" ಎನ್ನುತ್ತಿದ್ದಳು. ಕಾಕಾ ಖುಷಿಯಾಗಿ ಒಂದು ಹಿಡಿ ಹುರಿದ ಶೇಂಗಾ ಅವಳ ಉಡಿಗೆ ಹಾಕುತ್ತಿದ್ದ. ಆ ಶೇಂಗಾದಲ್ಲಿ ನನಗೆ ಬರುತ್ತಿದ್ದುದು ಸಿಪ್ಪೆಯ ಪಾಲೇ ಹೆಚ್ಚು. ಆ ಸೀಟಿ ನನಗೂ ಚೆನ್ನಾಗಿ ಕೇಳುತ್ತಿತ್ತು, ಹಿತ್ತಲಲ್ಲಿ ನಿಂತರೂ ಕೇಳುತ್ತಿತ್ತು. ಆದರೆ ನನ್ನನ್ನು ಯಾರು ಕೇಳಿದರು?

ಕಾಕಾನ ಮದುವೆ ತಡವಾಗಿ ಆಯಿತು. ಚಿಗವ್ವ ಬಂದಳು. ಮುಂಡಗೋಡದ ಕಡೆಯ ಹಳ್ಳಿಯವಳು, ಹೆಸರು ಗಂಗವ್ವ. ಅವರ ಹೊಲ ಕಾಡಿನ ಮಗ್ಗುಲಿಗೇ ಇತ್ತಂತೆ. ಭತ್ತಕ್ಕೆ ಹಂದಿ ಬೀಳದಂತೆ ಅಟ್ಟದ ಮೇಲೆ ಕೂತು ಕಾಯ್ದು ಬೆಳೆದವಳು. ಬಂದ ವಾರದೊಳಗೇ ಒಂದು ದಿನ ಕಾಕಾ ಟೀವಿಯ ಹಿಂದಿನಿಂದ "ಸೀಟಿ ಬಂತೇನವ್ವಾ?" ಎಂದು ಕೂಗಿದಾಗ, ಆಯಿ ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ, ರೊಟ್ಟಿ ಬಡಿಯುವ ಸದ್ದಿನ ನಡುವಿನಿಂದ, "ಬಂದಿತ್ರೀ, ಬಂದು ಮತ್ತ ನಿಂತತಿ" ಎಂಬ ಉತ್ತರ ಬಂತು. ಕಾಕಾ ಎದ್ದೇ ನಿಂತ. ಬಂದು ನಿಲ್ಲುವುದೆಂದರೆ ಪವರ್ ಸಪ್ಲೈ ಸರಿಯಾಗಿದೆ, ಅದರ ಮುಂದಿನ ಯಾವುದೋ ಭಾಗ ಭಾರ ತಾಳದೆ ಕೈ ಚೆಲ್ಲುತ್ತಿದೆ. ಎರಡು ದಿನ ಹುಡುಕಬೇಕಾದದ್ದು ಒಂದು ಮಾತಿನಲ್ಲಿ ಸಿಕ್ಕಿತ್ತು. ಅವತ್ತು ಶೇಂಗಾ ಅಡುಗೆಮನೆಗೆ ಹೋಯಿತು. ಆಯಿ ಮಣೆಯ ಮೇಲೆ ಕೂತೇ ಇದ್ದಳು, ಖಾಲಿ ಉಡಿ ಹಾಸಿಕೊಂಡು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಸಾರಿಗೆ ಹಾಕಿದ ಖಾರಕ್ಕಿಂತ ಮಾತಿನ ಖಾರವೇ ಹೆಚ್ಚಾಯಿತು. "ಹಂದಿ ಕಾಯೂ ಕಿವಿ ಅದು, ಚಲೋ ಇರಾಕಬೇಕು ಬಿಡು" ಎನ್ನುವಳು ಆಯಿ, ಚಿಗವ್ವನಿಗೆ ಕೇಳುವಷ್ಟೇ ಮೆಲ್ಲಗೆ. ಚಿಗವ್ವ ಏನು ಕಡಿಮೆ? "ಹೂಂರಿ ಅತ್ತೀ, ಹಂದಿ ಗುರ್ ಅನ್ನೂದು ಎಲ್ಲಿದ್ರೂ ಕೇಳಸ್ತೈತಿ ನನಗ" ಎಂದು ರೊಟ್ಟಿ ತಿರುವಿ ಹಾಕುವಳು. ಕಾಕಾ ಈಗ ಎರಡು ಹೆಸರು ಹಿಡಿದು ಕೂಗತೊಡಗಿದ: "ಅವ್ವಾ, ಬಂತೇನು? ಗಂಗಾ, ಬಂತೇನು?" ಆ ಎರಡನೆಯ ಹೆಸರು ಬಿದ್ದಾಗಲೆಲ್ಲ ಆಯಿ ಮಣೆಯನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದಳು. ನಾನು ಪೂರ್ತಿ ಆಯಿಯ ಪಕ್ಷ. ಮೊದಲು ಕಾಕಾನ ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಪೇಟೆಗೆ ಹೋಗುತ್ತಿದ್ದವಳು ನಾನು. ಈಗ ಹಿಂದಿನ ಕ್ಯಾರಿಯರ್ ಮೇಲೆ ಚಿಗವ್ವ, ಮುಡಿಯಲ್ಲಿ ಅಬ್ಬಲಿಗೆ. ಚಿಗವ್ವ ಒಮ್ಮೆಯಾದರೂ ತಪ್ಪು ಹೇಳಲಿ ಎಂದು ಆಯಿ ಹಾರೈಸಿದಳು, ನಾನು ಹರಕೆಯನ್ನೇ ಹೊತ್ತೆ.

ತಪ್ಪಿದ್ದು ಆಯಿ. ಅವತ್ತು ಅವಳ ಎರೆದುಕೊಳ್ಳುವ ದಿನ. ಮೈಗೆಲ್ಲ ಎಣ್ಣೆ ತಿಕ್ಕಿಕೊಂಡು, ಹಂಡೆಯ ನೀರು ಕಾಯಲೆಂದು ಹಿತ್ತಲಲ್ಲಿ ಕೂತವಳು ಕಾಕಾನ ಕೂಗು ಕೇಳಿ ಹಾಗೇ ಎದ್ದು ಬಂದಳು. ತಡ ಮಾಡಿದರೆ ಒಳಗಿನಿಂದ ಉತ್ತರ ಹೋಗಿಬಿಡುತ್ತದೆ ಎಂಬ ಭಯ. ಗೋಡೆಯ ಬಲ್ಬು ಮಂಕಾಗಿತ್ತು, ಪರದೆ ಕಪ್ಪಾಗಿತ್ತು. "ಸೀಟಿ ಬಂತೇನವ್ವಾ?" ಆಯಿ ಗಾಜಿನ ಹತ್ತಿರ ಕೈ ಒಯ್ದಳು, ಒಂದು ಗಳಿಗೆ ತಡೆದಳು. "ಇಲ್ಲಪಾ. ಸತ್ತಂಗ ಐತಿ." ಹಾಗಾದರೆ ಕೆಂಪು ವಾಯರಿನ ತುದಿಯ ರಬ್ಬರ್ ಟೋಪಿ ಸಡಿಲಾಗಿದೆಯೇ ನೋಡೋಣವೆಂದು ಕಾಕಾ ಒಳಗೆ ಕೈ ಹಾಕಿದ. ಅಡುಗೆಮನೆಯಿಂದ ಚಿಗವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಕಿರುಚಿದಳು, "ಐತ್ರೀ! ಸೀಟಿ ಐತಿ! ಕೈ ತಗೀರಿ!" ಕಾಕಾ ಕೈ ಸೆಳೆದುಕೊಂಡ. ಮರದ ಹಿಡಿಯ ಸ್ಕ್ರೂ ಡ್ರೈವರಿನ ತುದಿಯನ್ನು ಆ ಟೋಪಿಯ ಬಳಿಗೆ ಒಯ್ದ. ಚಟ್ ಎಂದು ನೀಲಿ ಕಿಡಿ ಹಾರಿತು, ಬೆರಳುದ್ದದ್ದು.

ಯಾರೂ ಯಾರನ್ನೂ ಬಯ್ಯಲಿಲ್ಲ. ಅದೇ ಕೆಟ್ಟದಾಯಿತು. ಕಾಕಾ, "ಇರ್ಲಿ ಬಿಡವ್ವಾ, ವಯಸ್ಸಾತು" ಎಂದ. ಆ ಮಾತು ಆಯಿಗೆ ಆ ನೀಲಿ ಕಿಡಿಗಿಂತ ಬಲವಾಗಿ ಬಡಿಯಿತೆಂದು ಈಗ ಅನ್ನಿಸುತ್ತದೆ. ಅವಳು ಸ್ನಾನ ಮಾಡಿ ಬಂದು, ತನ್ನ ಮಣೆಯನ್ನು ತಾನೇ ಎತ್ತಿ ದೇವರ ಖೋಲಿಯ ಮೂಲೆಗೆ ಒರಗಿಸಿದಳು. ಮತ್ತೆ ಹೊರಗಿನ ಖೋಲಿಗೆ ಬರಲಿಲ್ಲ. ಶೇಂಗಾ ಕೊಟ್ಟರೆ, "ಹಲ್ಲಿಲ್ಲ ನನಗ" ಎಂದಳು. ಹಲ್ಲುಗಳೆಲ್ಲ ಇದ್ದವು. ಚಿಗವ್ವ ಗೆದ್ದ ಮುಖ ಮಾಡಲಿಲ್ಲ. ಆದರೆ ಕಾಕಾ ಈಗ ಒಂದೇ ಹೆಸರು ಕೂಗುತ್ತಿದ್ದ. ಅದನ್ನು ಕೇಳಿ ಆಯಿ ದೇವರ ಖೋಲಿಯ ಬಾಗಿಲನ್ನು ಎಳೆದುಕೊಳ್ಳುತ್ತಿದ್ದಳು.

ಹೀಗಿರುವಾಗ ಕುಂಬಾರವಾಡದವನೊಬ್ಬ ತನ್ನ ಟೀವಿ ಒಯ್ಯಲು ಬಂದ. ಅವನ ಬಸ್ಸಿಗೆ ಹೊತ್ತಾಗಿತ್ತು, ಅದು ತಪ್ಪಿದರೆ ಮರುದಿನದವರೆಗೆ ಇನ್ನೊಂದಿಲ್ಲ. ಕಾಕಾ ಹೊಸ ಕಂಡೆನ್ಸರ್ ಹಾಕಿ ಮುಗಿಸಿದ್ದ, ಗುಂಡಿ ಒತ್ತಿ ನೋಡುವುದಷ್ಟೇ ಬಾಕಿ. ಸರಿಯಾಗಿ ಅದೇ ಹೊತ್ತಿಗೆ ಓಣಿಯಲ್ಲಿ ಮದುವೆಯ ಮೆರವಣಿಗೆ ಬಂದು ನಮ್ಮ ಮನೆಯ ಮುಂದೆಯೇ ನಿಂತಿತು. ಬ್ಯಾಂಡಿನವರ ತುತ್ತೂರಿ, ಡೋಲು, ಕುಣಿಯುವ ಹುಡುಗರ ಕೇಕೆ. ಗೂಡಿನಲ್ಲಿದ್ದ ಲೋಟಗಳೂ ನಡುಗುತ್ತಿದ್ದವು. "ಗಂಗಾ, ಬಂತೇನು?" ಚಿಗವ್ವ ಪರದೆಗೆ ಕಿವಿ ಹಚ್ಚಿದಳು, ಕಣ್ಣು ಮುಚ್ಚಿದಳು. "ಏನೂ ತಿಳೀವಲ್ದುರೀ!" ಪರದೆ ಕಪ್ಪು. ಕಾಕಾನ ಕೈ ಕೆಂಪು ವಾಯರಿನ ಹತ್ತಿರ ಹೋಗಿ ಹಿಂದೆ ಬಂತು. ಕುಂಬಾರವಾಡದವನು ಬಾಗಿಲಲ್ಲಿ ನಿಂತು, "ಬಸ್ ತಪ್ತೈತ್ರಿ ಈರಣ್ಣಾ" ಎಂದು ಗೋಗರೆಯುತ್ತಿದ್ದ.

ಆಗ ದೇವರ ಖೋಲಿಯ ಬಾಗಿಲು ತೆರೆಯಿತು. ಆಯಿ ಮಣೆ ತರಲಿಲ್ಲ. ನಿಂತೇ ಇದ್ದು, ಸೆರಗಿನಿಂದ ಮುಂಗೈಯನ್ನು ಒತ್ತಿ ಒತ್ತಿ ಒರೆಸಿಕೊಂಡಳು. "ಸರಿ ಅತ್ತಾಗ" ಎಂದು ಚಿಗವ್ವನಿಗೆ ಹೇಳಿ, ಎಲ್ಲರ ಕಣ್ಣ ಮುಂದೆ ಆ ಕೈಯನ್ನು ಗಾಜಿನ ಉದ್ದಕ್ಕೂ ಒಡ್ಡಿದಳು. ಹಚ್ಚೆಯ ಹಸಿರು ಬಳ್ಳಿಯ ಮೇಲೆ ಅವಳ ನರೆತ ಸಣ್ಣ ರೋಮಗಳು, ಗಾಳಿಗೆ ಏಳುವ ನವಣೆಯ ತೆನೆಯ ಹಾಗೆ, ಒಂದೊಂದಾಗಿ ನಿಮಿರಿ ಗಾಜಿನ ಕಡೆಗೆ ವಾಲಿದವು. "ಬಂತಪಾ" ಎಂದಳು. "ಕೈ ಹಾಕಬ್ಯಾಡ." ಅವಳ ಮಾತು ಮುಗಿಯುವುದರೊಳಗೆ ಪರದೆಯಲ್ಲಿ ಬೆಳಕು ಬಂತು.

ಕಾಕಾ ಟೀವಿಯ ಹಿಂದಿನಿಂದ ಬಗ್ಗಿ ಆ ಕೈಯನ್ನು ನೋಡಿದ. "ಇಷ್ಟು ದಿನ ಹಿಂಗನ ಏನವ್ವಾ?"

"ಮತ್ತ ಹೆಂಗ? ಮಾತು ಕೇಳಸ್ತಾವ, ಪೂಜಾರಿ ಕೈಗಂಟಿ ಬಡದ್ರ ಅದು ಕೇಳಿದ್ರ ದೊಡ್ಡದು ನನಗ. ಅವತ್ತ ಎಣ್ಣಿ ಹಚ್ಕೊಂಡಿದ್ನಿ. ರೋಮ ಅಂಟಿದ್ವು."

ಆ ಸೀಟಿ ಕೇಳುವುದಿಲ್ಲವೆಂದು ಹೇಳಿದ್ದರೆ ಮಗ ಕೂಗುವುದನ್ನೇ ಬಿಡುತ್ತಿದ್ದನಲ್ಲ. ಅದಕ್ಕೇ ಅವಳು ಅಷ್ಟು ಕಾಲ ಮೈಯಿಂದ ಕೇಳಿಸಿಕೊಂಡಿದ್ದಳು. ಚಿಗವ್ವ ಬೆರಗಾಗಿ ತನ್ನ ಕೈಯನ್ನೂ ಗಾಜಿನ ಹತ್ತಿರ ತಂದಳು. ಹಸಿರು ಬಳೆಗಳು ಕಿಣಿ ಎಂದವು. ಆಯಿ ಆ ಕೈಯನ್ನು ಮೊಣಕೈಯಿಂದ ಆಚೆ ತಳ್ಳಿದಳು. "ದೇವ್ರು ನಿಂಗ ಕಿವಿ ಕೊಟ್ಟಾನ, ನಾ ಮಗನ್ನ ಕೊಟ್ಟೀನಿ. ಇದನ್ನೂ ತಗೋತಿ?"

ಚಿಗವ್ವ ಕೈ ಹಿಂದೆ ತೆಗೆದುಕೊಂಡಳು. ಒಳಗೆ ಹೋಗಿ ಮಣೆ ತಂದು ಹಾಕಿದಳು.

ಅವರಿಬ್ಬರೂ ಗೆಳತಿಯರಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೊನೆಯವರೆಗೂ ಆಯಿ ಅವಳ ರೊಟ್ಟಿಯಲ್ಲಿ ಉಪ್ಪು ಹುಡುಕಿದಳು, ಕಾಕಾ ಎರಡು ಹೆಸರು ಕೂಗಿದ, ಶೇಂಗಾ ಎರಡು ಪಾಲಾಯಿತು, ಯಾರ ಹಿಡಿ ದೊಡ್ಡದೆಂದು ಇಬ್ಬರೂ ಓರೆಗಣ್ಣಿನಲ್ಲಿ ನೋಡಿದರು. ಆಯಿ ಹೋದ ಮೇಲೆ ವರ್ಷಗಳು ಕಳೆದು, ಚಿಗವ್ವನ ಆ ಕಾಡಿನ ಕಿವಿಯೂ ಮೆಲ್ಲಗೆ ಮುಚ್ಚಿತು. ರಜೆಗೆ ಹೋದಾಗ ನಾನೇ ನೋಡಿದ್ದೇನೆ. ಕಾಕಾ ಕೂಗಿದರೆ, "ಕೇಳಸವಲ್ದುರೀ ನನಗ, ಮೀಟರ್ ಹಚ್ಚಿ ನೋಡ್ರಿ" ಎಂದು ಸೀದಾ ಹೇಳಿಬಿಡುತ್ತಿದ್ದಳು. "ಕೈ ಒಡ್ಡಿ ನೋಡಬಾರದ, ಚಿಗವ್ವಾ?" ಎಂದರೆ ತಲೆ ಅಲ್ಲಾಡಿಸಿದಳು. "ಅದು ಅತ್ತೀದು." ಒಮ್ಮೆಯೂ ಒಡ್ಡಲಿಲ್ಲ. ಆಯಿಯ ಮೇಲೆ ಅಷ್ಟು ಪ್ರೀತಿ ತೋರಿಸುವ ಆ ದಾರಿ ನನಗೆ ಹೊಳೆಯಲಿಲ್ಲವಲ್ಲ ಎಂದು ಆಗಲೂ ಚಿಗವ್ವನ ಮೇಲೆ ನನಗೆ ಕಿಚ್ಚೇ. ಆಮೇಲೆ ಗೋಡೆಗೆ ತೂಗುವ ಚಪ್ಪಟೆ ಟೀವಿಗಳು ಬಂದವು. ಅವಕ್ಕೆ ಸೀಟಿಯೂ ಇಲ್ಲ, ಬೆನ್ನೂ ಇಲ್ಲ. ಕಾಕಾ ಹೋದ, ಚಿಗವ್ವನೂ ಹೋದಳು. ಹೊರಗಿನ ಖೋಲಿಯಲ್ಲಿ ಈಗ ಯಾರದೋ ಬೈಕು ನಿಲ್ಲುತ್ತದೆ.

ಅಂಬೇವಾಡಿಯ ಅಂಗಡಿಯಲ್ಲಿ ಆ ಹುಡುಗಿ ಕಿವಿಯಿಂದ ಬೆರಳು ತೆಗೆದು ನನ್ನನ್ನೇ ನೋಡುತ್ತಿದ್ದಳು. "ಖಾಲಾ, ನಿಮಗ ಕೇಳಸ್ತೈತೇನ್ರೀ?"

ನಾನು ಸೀರೆಯ ಸೆರಗಿನಿಂದ ಮುಂಗೈ ಒರೆಸಿಕೊಂಡೆ. ಕಪ್ಪು ಪರದೆಯ ಹತ್ತಿರ ಒಯ್ದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಇರುವೆ ಹರಿದಂತೆ ಚರ್ಮದ ಮೇಲೆ ಏನೋ ಮೆಲ್ಲಗೆ ಎದ್ದು ನಿಂತಿತು.

"ಕೇಳಸ್ತೈತಿ," ಎಂದೆ. "ಯಾಕ ಕೇಳಸಂಗಿಲ್ಲ?"

ಹುಡುಗಿ ಹತ್ತಿರ ಬಂದಳು. ಬಣ್ಣದ ಕಲೆಗಳಾಗಿದ್ದ ತನ್ನ ಕೈಯನ್ನು ನನ್ನ ಕೈಯ ಪಕ್ಕಕ್ಕೆ ತಂದಳು. ನನ್ನ ಮೊಣಕೈ ತಾನಾಗಿಯೇ ಅಡ್ಡ ಹೋಯಿತು.