ಅಪ್ಪ ಕೂತು ಉಂಡ ಊರು

ಎಣ್ಣೆಯಲ್ಲಿ ಬೇಯುವ ಬೆಳ್ಳುಳ್ಳಿಯ ಘಮ ಮೂಗಿಗೆ ಬಡಿದರೆ ಸಾಕು, ನನಗೆ ಇಟಲಿಯ ಆ ಕಡಲೂರು ನೆನಪಾಗುತ್ತದೆ. ಮೊನ್ನೆ ಅಮ್ಮನನ್ನು ಕರೆದುಕೊಂಡು ನಾವೀಗ ಇರುವ ವಡೋದರಾದ ಅಲ್ಕಾಪುರಿಯಲ್ಲಿ ಒಂದು ಇಟಾಲಿಯನ್ ಹೋಟೆಲಿನ ಬಾಗಿಲು ತಳ್ಳಿದಾಗಲೂ ಅದೇ ಘಮ ಬಂತು. ನಾನು ಬೆಳೆದ ಮನೆಯಲ್ಲಿ ಬೆಳ್ಳುಳ್ಳಿಗೆ ಪ್ರವೇಶವಿರಲಿಲ್ಲ. ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಹತ್ತಿರ, ಕೆಳಗೆ ಅಪ್ಪನ ಉಡುಪಿ ಹೋಟೆಲು, ಮೇಲೆ ನಮ್ಮ ಮನೆ. ಸಾಂಬಾರು, ಕಾಫಿ, ಕಾದ ಕಾವಲಿಯ ವಾಸನೆ ನನ್ನ ಶಾಲೆಯ ಯೂನಿಫಾರ್ಮಿಗೂ ಅಂಟಿರುತ್ತಿತ್ತು. ಅಪ್ಪ ಗಿರಾಕಿಗಳೆಲ್ಲ ಎದ್ದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ನಾಲ್ಕು ತುತ್ತು ನುಂಗುತ್ತಿದ್ದರು. ಮದುವೆಯಾದಂದಿನಿಂದ ಗಂಡನ ಎದುರು ಕೂತು ನೆಮ್ಮದಿಯಾಗಿ ಒಂದು ಊಟ ಮಾಡಿಲ್ಲ ಎನ್ನುವುದು ಅಮ್ಮನ ಕೊರಗು. ಹಡಗಿನ ಕೆಲಸಕ್ಕೆಂದು ಇಟಲಿಯಲ್ಲಿದ್ದ ಸೋದರಮಾವ ಬೇಸಿಗೆ ರಜೆಗೆ ಟಿಕೆಟ್ ಕಳಿಸಿದಾಗ ಅವಳು ಕಡಲಿನ ಮಾತೇ ಎತ್ತಲಿಲ್ಲ. "ಅಲ್ಲಿ ಹೋಟೆಲೂ ಇಲ್ಲ, ಗಿರಾಕಿಯೂ ಇಲ್ಲ. ಒಂದು ಹೊತ್ತಾದ್ರೂ ನನ್ನೊಟ್ಟಿಗೆ ಕೂತು ಉಣ್ಣಿ ಮಾರಾಯ್ರೆ" ಎಂದಳು, ಅಷ್ಟೇ.

ಊರು ಚಂದವೇ ಚಂದ. ಗುಡ್ಡದಿಂದ ಕಡಲಿನವರೆಗೂ ಇಳಿದ ಹಳದಿ, ಗುಲಾಬಿ ಬಣ್ಣದ ಮನೆಗಳು. ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗುವ ಜನ. "ವ್ಯಾಪಾರದ ಹೊತ್ತಿಗೆ ನಿದ್ದೆಯಾ? ಉದ್ಧಾರ ಆದ ಹಾಗೆಯೇ!" ಎಂದು ಅಪ್ಪ ಚಡಪಡಿಸಿದರು. ಮಾವನ ಮನೆಯ ಕೆಳಗೇ ಒಬ್ಬ ಮುದುಕಿ ದ್ರಾಕ್ಷಿಬಳ್ಳಿಯ ಚಪ್ಪರದಡಿ ಮೇಜು ಹಾಕಿ ಊಟದಂಗಡಿ ನಡೆಸುತ್ತಿದ್ದಳು. ಪರದೇಶವೆಂದು ಅಪ್ಪ ಬೆಳ್ಳುಳ್ಳಿಯನ್ನೇನೋ ಕ್ಷಮಿಸಿದರು; ಕೂರುವುದು ಮಾತ್ರ ಅವರಿಂದಾಗಲಿಲ್ಲ. ಉಂಡ ತಟ್ಟೆ ಮೇಜಿನ ಮೇಲೆ ಉಳಿಯಿತೆಂದರೆ ನಮ್ಮ ಹೋಟೆಲಿನವರಿಗೆ ಮಾನ ಹೋದಂತೆ. ಮೊದಲ ದಿನವೇ ಎದ್ದು, ಪಕ್ಕದ ಮೇಜಿನ ಅಜ್ಜನ ತಟ್ಟೆ ಎತ್ತಿಕೊಂಡು ಒಳಗೆ ಹೊರಟೇಬಿಟ್ಟರು. ಆ ಅಜ್ಜನೋ, ತಟ್ಟೆಯಲ್ಲುಳಿದ ಟೊಮೆಟೊ ಗೊಜ್ಜನ್ನು ಬಳಿದು ತಿನ್ನಲೆಂದು ಬ್ರೆಡ್ಡಿನ ಚೂರು ಮುರಿದು ಕೈಯಲ್ಲಿ ಹಿಡಿದಿದ್ದ! ಅಯ್ಯೋ, ಅವನ ಮುಖ ನೋಡಬೇಕಿತ್ತು. ಮಾವ ಕ್ಷಮೆ ಕೇಳಿದ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಮ್ಮ ನಗಲಿಲ್ಲ. ಮರುದಿನ ನಮ್ಮದೇ ಮೇಜಿನಲ್ಲಿ, ಅವಳ ಕೊನೆಯ ತುತ್ತು ಬಾಯಲ್ಲಿರುವಾಗಲೇ ತಟ್ಟೆ ಮಾಯ. "ಎಂಜಲು ತಟ್ಟೆ ಎದುರಿಟ್ಟುಕೊಂಡು ಹೇಗೆ ಕೂತ್ಕೊಳ್ಳುವುದು ಮಾರಾಯ್ತಿ?" ಎಂದು ಅಪ್ಪ. "ಹುಟ್ಟುಗುಣ ಸುಟ್ಟರೂ ಹೋಗ್ಲಿಕ್ಕಿಲ್ಲ" ಎಂದು ಅಮ್ಮ ಕಡಲಿನ ಕಡೆ ಮುಖ ತಿರುಗಿಸಿದಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತ್ತು.

ಹೊರಡುವ ದಿನದ ಊಟದಲ್ಲೂ ಅಪ್ಪ ಕುರ್ಚಿ ಹಿಂದಕ್ಕೆ ಸರಿಸಿದರು. ಅಷ್ಟರಲ್ಲಿ ಮುದುಕಿ ಒಳಗಿನಿಂದ ಬಂದು, ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಅವರ ಹೆಗಲ ಮೇಲಿಟ್ಟು ಒತ್ತಿ ಕೂರಿಸಿ, ತನ್ನ ಭಾಷೆಯಲ್ಲಿ ಚೆನ್ನಾಗಿ ಗದರಿದಳು. ಮಾವ ನಗುತ್ತಾ ಹೇಳಿದ: "ತಟ್ಟೆ ತೆಗೆಯುವುದು ಅಂದ್ರೆ ಇನ್ನು ಎದ್ದು ಹೋಗಿ ಅಂದ ಹಾಗಂತೆ ಭಾವ. ನಿಮ್ಮ ಹೆಂಡತಿಯನ್ನು ಯಾಕೆ ಓಡಿಸ್ತೀರಿ ಅಂತ ಕೇಳ್ತಿದ್ದಾರೆ."

ಅಪ್ಪ ಅಮ್ಮನನ್ನು ನೋಡಿದರು. ಆಮೇಲೆ ಏಳಲಿಲ್ಲ. ತಟ್ಟೆಗಳು ಒಣಗಿದವು, ಚಪ್ಪರದ ನೆರಳು ಸರಿಯಿತು, ಇಬ್ಬರೂ ಅದೂ ಇದೂ ಮಾತಾಡುತ್ತಾ ಕೂತರು. ಅಮ್ಮ ಅಷ್ಟು ಹೊತ್ತು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಮಾವ ಅವಸರಿಸಿದಾಗ, "ಇನ್ನು ಸ್ವಲ್ಪ ಕೂರುವಾ" ಎಂದವರು ಅಪ್ಪನೇ.

ಮಣಿನಗರಕ್ಕೆ ಮರಳಿದ ಮೇಲೆ ಅವರು ಮತ್ತೆ ನಿಂತೇ ಉಂಡರು, ಕೊನೆಯವರೆಗೂ. ಈಗ ಅಪ್ಪ ಇಲ್ಲ. ಹೋಟೆಲಿದ್ದಲ್ಲಿ ಮೊಬೈಲ್ ಅಂಗಡಿ, ನಮ್ಮ ಮನೆ ಅದರ ಗೋದಾಮು. ಅಂಥ ಮನೆ ಕಳೆದುಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಬೀದಿಗೆ ಹೋದರೆ ನನ್ನ ಮೂಗು ಇನ್ನೂ ಸಾಂಬಾರನ್ನೇ ಹುಡುಕುತ್ತದೆ.

ಅಲ್ಕಾಪುರಿಯಲ್ಲಿ ಊಟ ಮುಗಿಯುತ್ತಿದ್ದಂತೆ ಸಪ್ಲೈಯರ್ ಬಂದು ಅಮ್ಮನ ತಟ್ಟೆಗೆ ಕೈಹಾಕಿದ. ಅವಳು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ರೆಹ್ವಾ ದೋ ಭಾಯ್" ಎಂದು ಗುಜರಾತಿಯಲ್ಲಿ ಅವನನ್ನು ತಡೆದು, ನನ್ನತ್ತ ತಿರುಗಿದಳು.

"ಇರ್ಲಿ. ಇನ್ನು ಸ್ವಲ್ಪ ಕೂರುವಾ."