ಬೀಗದ ಕೈ ಇಡ್ವಲ್
ವೇಲ್ಸಿನ ಮೋನ್ ದ್ವೀಪದ ಆ ಹಳ್ಳಿಯಲ್ಲಿ ಚರ್ಚು ನೋಡಬೇಕೆಂದರೆ ಮೊದಲು ಮುದುಕ ಇಡ್ವಲ್‌ನ ಮನೆಬಾಗಿಲು ತಟ್ಟಬೇಕು. ಬೀಗದ ಕೈ ಇರುವುದು ಅವನ ಕೋಟಿನ ಜೇಬಿನಲ್ಲಿ. ಅದು ಸಿಗುವ ಮುಂಚೆ ಆ ಚರ್ಚಿಗೆ ಹೆಸರು ಕೊಟ್ಟ ರಾಜ ಕಡ್ವಲಾಡರನ ಕಥೆ ಕೇಳಲೇಬೇಕು. ಸಾವಿರದ ಮುನ್ನೂರು ವರ್ಷ ಹಿಂದಿನ ಆ ದೊರೆಯ, ವೆಲ್ಷರ ಪೂರ್ವಜರಾದ ಬ್ರಿಟನ್ನರನ್ನು ಆಳಿದವನ, ಸಂಗತಿಯನ್ನು ಪಕ್ಕದ ಮನೆಯವನದೆಂಬಂತೆ ಹೇಳುತ್ತಾನೆ: ಅವನ ಕುದುರೆಗೆ ಬಲಗಾಲು ಸ್ವಲ್ಪ ಕುಂಟಂತೆ, ಅವನಿಗೆ ಕುರಿಮಾಂಸದ ಸಾರೆಂದರೆ ಪ್ರಾಣವಂತೆ. "ಅವನು ಪ್ಲೇಗಲ್ಲಿ ಸತ್ತನಲ್ಲೋ ಮಾರಾಯ," ಎಂದು ನಿವೃತ್ತ ಮೇಷ್ಟ್ರು ಎಮ್ರಿಸ್ ಬೇಲಿಯಾಚೆಯಿಂದ ಕೆಣಕಿದರೆ, "ನೀನೇನು ಹೆಣ ಹೊತ್ತಿದ್ಯಾ? ಇಂಗ್ಲಿಷರ ಕೈಯಿಂದ ನಮ್ಮ ನೆಲ ಬಿಡಿಸಿಕೊಡೋಕೆ ತಿರುಗಿ ಬರ್ತಾನೆ ಅಂದ್ರೆ ಬರ್ತಾನೆ!" ಎಂದು ಗದರುತ್ತಾನೆ. ಕಥೆ ಮುಗಿದ ಮೇಲೂ ಬಿಡುಗಡೆಯಿಲ್ಲ. ಬಂದವರು ಲಂಡನ್ನಿನವರಾಗಲಿ, ಜಪಾನಿನವರಾಗಲಿ, 'ಬನ್ನಿ' ಎನ್ನುವುದಕ್ಕಿರುವ ವೆಲ್ಷ್ ಮಾತು "ಕ್ರೋಯ್ಸೊ" ಎಂಬುದನ್ನು ಮೂರು ಸಲ ಸರಿಯಾಗಿ ಹೇಳಬೇಕು. ರಕಾರ ಉರುಳದವರಿಗೆ ಚಹಾ ಕುಡಿಸಿ ಮತ್ತೆ ಹೇಳಿಸುತ್ತಾನೆ. "ಬಂದೋರಿಗೆ ನೀನು ಬನ್ನಿ ಅನ್ನೋದು ಬಿಟ್ಟು ಅವರ ಕೈಲೇ ಅನ್ನಿಸ್ತೀಯಲ್ಲ!" ಎಂದು ಹೆಂಡತಿ ನೆಸ್ಟಾ ಒಂದು ದಿನ ನಕ್ಕಳು. ಇಡ್ವಲ್ ಬೀಗದ ಕೈಯನ್ನು ಅಂಗಿಗೆ ಉಜ್ಜುತ್ತ ಹೇಳಿದ: "ನಮ್ಮ ರಾಜ ಬರೋ ಹೊತ್ತಿಗೆ ನಾವಿಬ್ರೂ ಇರಲ್ಲ ಕಣೇ. ಆಗ ಬಾಗಿಲು ತೆಗೆಯೋರು ಯಾರೇ ಆಗಿರ್ಲಿ, ಅವನ ಭಾಷೇಲೇ ಬಾ ಅನ್ಲಿ."